ಬಂಡೆ ಮೇಲೆ ಮಾತು ಬಿಟ್ಟವರು

ಶಿಡ್ಲಘಟ್ಟದ ಶೋಭಾರಾಣಿ ಒಮ್ಮೆ ಮಾತು ಬಿಟ್ಟಳೆಂದರೆ ಬಿಟ್ಟಳೇ. ಭೀಷ್ಮ ಮಾಡಿದ್ದು ಒಂದೇ ಪ್ರತಿಜ್ಞೆ. ಇವಳು ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ಹತ್ತಾರು ಮಾಡಿ, ಒಂದನ್ನೂ ಮುರಿಯದೆ ಗೆದ್ದಿದ್ದಳು. ಪ್ರತಿ ಸಲವೂ ಗಂಡ ಚಲಪತಿಯೇ ಮೊದಲು ಬಾಯಿಬಿಟ್ಟು "ತಪ್ಪಾಯ್ತು ಕಣೇ" ಅಂದಿದ್ದ. ಹಾಗಾಗಿ 2006ರ ಜನವರಿಯಲ್ಲಿ ದ್ವಾರಕೆ ಯಾತ್ರೆಯ ಬಸ್ಸು ಊರು ಬಿಟ್ಟ ಬೆಳಿಗ್ಗೆ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ಹೊಸ ಶಪಥ ಮಾಡಿದಾಗ, ಗೆಲ್ಲುವುದು ಯಾರು ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಈ ಮನುಷ್ಯ ತಪ್ಪಾಯ್ತು ಅನ್ನುವವರೆಗೆ ಇವನ ಜೊತೆ ಒಂದಕ್ಷರ ಆಡಿದರೆ ನಾನು ನಲ್ಲಪ್ಪನ ಮಗಳೇ ಅಲ್ಲ!

ಶಪಥಕ್ಕೆ ಕಾರಣ ಅವಳ ಪಕ್ಕದಲ್ಲೇ ಕೂತಿತ್ತು. ಮೂರು ಜನರ ಸೀಟಿನ ನಟ್ಟನಡುವೆ, ಗಂಡ ಹೆಂಡಿರ ಮಧ್ಯೆ, ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂತಿದ್ದವಳು ಚಲಪತಿಯ ಅಕ್ಕ ಗಂಗುಲಮ್ಮ.

ಸಮುದ್ರ ನೋಡಬೇಕೆಂಬುದು ಶೋಭಾರಾಣಿಗೆ ಮದುವೆಗೆ ಮುಂಚಿನ ಆಸೆ. "ಇಪ್ಪತ್ತೈದು ತುಂಬಿದ ವರ್ಷ ನಾವಿಬ್ಬರೇ ಹೋಗಣ" ಎಂದು ಚಲಪತಿ ಮಾತು ಕೊಟ್ಟಿದ್ದ. ಯಾತ್ರೆಯವರು ಹಂಚಿದ ಚೀಟಿಯಲ್ಲಿ "ಒಂಬತ್ತನೇ ದಿನ: ಲೈಟ್‌ಹೌಸ್" ಎಂದು ಓದಿದ ಮೇಲಂತೂ ಅವಳಿಗೆ ಕನಸಿನಲ್ಲೂ ಲೈಟ್‌ಹೌಸೇ. ಅದರ ತುತ್ತತುದಿಯಲ್ಲಿ ತಾನೂ ಗಂಡನೂ, ಕೆಳಗೆ ಸಮುದ್ರ. ನಡುವೆ ನೆಂಟರಿಲ್ಲ, ಇಷ್ಟರಿಲ್ಲ. ಹೀಗಿರುವಾಗ ಚಲಪತಿ ಮನೆಗೆ ಮೂರು ಟಿಕೆಟ್ಟು ತಂದ.

"ಮೂರನೇದು ಯಾರಿಗೆ?"

"ಅಕ್ಕನಿಗೆ. ಪಾಪ, ಅವಳೂ ಸಮುದ್ರ ನೋಡಿಲ್ಲ."

"ಮೂರನೇದು ಯಾರಿಗೆ" ಅಂದದ್ದೇ ಅವಳು ಗಂಡನ ಜೊತೆ ಆಡಿದ ಕೊನೆಯ ಮಾತು. ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿ ಮಂತ್ರಾಲಯ ದಾಟಿದರೂ ಆರಲಿಲ್ಲ, ಪಂಢರಪುರದಲ್ಲಿ ವಿಠ್ಠಲನ ಮುಂದೆ ಕೈ ಮುಗಿದಾಗಲೂ ಆರಲಿಲ್ಲ.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ಅದಕ್ಕೆ ಗಂಗುಲಮ್ಮನೇ ಟಪಾಲು.

"ಅತ್ತಿಗೆ, ನಿಮ್ಮ ತಮ್ಮನಿಗೆ ಹೇಳಿ, ಚಳಿ ಐತೆ, ಸ್ವೆಟರ್ ಹಾಕ್ಕೊಳ್ಳಲಿ."

"ಸ್ವೆಟರ್ ಹಾಕ್ಕೋಬೇಕಂತೆ ಕಣೋ."

"ಸ್ವೆಟರ್ ಅವಳೇ ಮನೇಲಿ ಬಿಟ್ಟು ಬಂದವ್ಳೆ ಅಂತ ಹೇಳಕ್ಕ."

"ನೀನೇ ಬಿಟ್ಟು ಬಂದಿದೀಯಂತೆ ಕಣಮ್ಮ."

ಎರಡು ಗೇಣು ದೂರದಲ್ಲಿ ಕೂತವರ ಜಗಳವನ್ನು ಗಂಗುಲಮ್ಮ ಹೀಗೆ ಒಂಬತ್ತು ದಿನ ಹೊತ್ತಳು. ಅವಳ ಮುಖದಲ್ಲಿ ಬೇಸರವೂ ಕಾಣಲಿಲ್ಲ, ಸಂತೋಷವೂ ಕಾಣಲಿಲ್ಲ. ಎಲೆಗೆ ಸುಣ್ಣ ಹಚ್ಚಿಕೊಂಡು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದಳು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ರೇಷ್ಮೆಗೂಡು ಮಾರಿ, ನೂಲು ತೆಗೆಯುವ ರೀಲರ್‌ಗಳ ಜೊತೆ ಉರ್ದುವಿನಲ್ಲೇ ಜಗಳ ಆಡಿ ಗೆದ್ದ ಹೆಂಗಸಿಗೆ ಇದೊಂದು ದೊಡ್ಡ ಕೆಲಸವೇ ಎಂದು ಶೋಭಾರಾಣಿ ತಿಳಿದಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ಬಸ್ಸು ದ್ವಾರಕೆಯ ಲೈಟ್‌ಹೌಸಿನ ಕೆಳಗೆ ನಿಂತಿತು. ಶೋಭಾರಾಣಿ ಎಲ್ಲರಿಗಿಂತ ಮೊದಲು ಇಳಿದು ಓಡಿದಳು. ಸಮುದ್ರ ನೋಡಲು ಬಂದರೆ ಸಮುದ್ರವೇ ಮನೆಯಲ್ಲಿರಲಿಲ್ಲ! ಎಲ್ಲೋ ಅರ್ಧ ಮೈಲಿ ದೂರಕ್ಕೆ ಹೋಗಿ, ಬೆಳ್ಳಗೆ ಒಂದು ಗೆರೆಯಾಗಿ ಕೂತಿತ್ತು. ಲೈಟ್‌ಹೌಸಿನ ಬುಡದಿಂದ ಅಲ್ಲಿಯವರೆಗೂ ಬರೀ ಬಂಡೆ, ಗುಂಡಿ, ಪಾಚಿ, ಹೂಕೋಸಿನ ಹಾಗೆ ಗಂಟುಗಂಟಾದ ಕಲ್ಲು. ಅದೆಲ್ಲ ಹವಳದ ದಿಬ್ಬ ಎಂದು ಯಾತ್ರೆಯ ಮೇಸ್ತ್ರಿ ಹೇಳಿದಾಗ ಹೆಂಗಸರು ಉಂಗುರದ ಕೆಂಪು ಹವಳವನ್ನು ಹುಡುಕಿ, ಸಿಗದೆ ಅವನನ್ನೇ ಬೈದು ಬಸ್ಸಿನ ನೆರಳಿಗೆ ಹೋದರು. ಲೈಟ್‌ಹೌಸ್ ತೆರೆಯುವುದು ನಾಲ್ಕಕ್ಕೆ, ಮುಚ್ಚುವುದು ಐದಕ್ಕೆ ಎಂದು ಬಾಗಿಲ ಮೇಲೆ ಬರೆದಿತ್ತು.

ಇತ್ತ ಚಲಪತಿಗೂ ಸಿಟ್ಟು ನೆತ್ತಿಗೇರಿತ್ತು. ಅವನ ಸಿಟ್ಟು ಅಡುಗೆಯ ಬಯ್ಯಪ್ಪನ ಮೇಲೆ. ಒಂಬತ್ತು ದಿನವೂ ಅನ್ನ, ಬರೀ ಅನ್ನ. ಮುದ್ದೆ ಕೇಳಿದರೆ ಬಯ್ಯಪ್ಪ "ನಲವತ್ತು ಜನಕ್ಕೆ ಯಾರ ರಟ್ಟೇಲಿ ತೊಳಸಲಿ ಸ್ವಾಮಿ" ಅಂದಿದ್ದ.

"ಅಕ್ಕ, ಆ ಪಾತ್ರೆ, ಕೋಲು, ಹಿಟ್ಟು ತಗೋ" ಎಂದ ಚಲಪತಿ. "ಇವನ ಹಂಗು ನಮಗ್ಯಾಕೆ? ಮೇಲೆ ಗಾಳಿ ಜಾಸ್ತಿ. ಕೆಳಗೆ ಅಂಗಳದಲ್ಲಿ ಒಲೆ ಹೂಡ್ತೀನಿ."

ಚಲಪತಿ ಸರ್ವೆಯರ್. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಅವನು ಸರಪಣಿ ಎಳೆಯದ ಕೆರೆ ಅಂಗಳವಿಲ್ಲ. ಕೆರೆ ಬತ್ತಿದ ಮೇಲೆ ಅದರ ಅಂಗಳದಲ್ಲಿ ಒಲೆ ಹೂಡುವುದು, ಕ್ರಿಕೆಟ್ ಆಡುವುದು, ಲಾರಿ ನಿಲ್ಲಿಸುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಅಲ್ಲಿ ನೀರು ಒಮ್ಮೆ ಹೋಯಿತೆಂದರೆ ಹೋಯಿತು. ಸಂಜೆ ಐದಕ್ಕೆ ವಾಪಸು ಬಂದ ದಾಖಲೆ ಯಾವ ತಾಲ್ಲೂಕಿನಲ್ಲೂ ಇಲ್ಲ.

"ಇಷ್ಟು ಬತ್ತಿರೋದು ನೋಡಿದ್ರೆ ಇನ್ನು ಮೂರು ವರ್ಷ ತುಂಬಲ್ಲ" ಎಂದು ತೀರ್ಪು ಕೊಟ್ಟು, ಅವನು ಬಂಡೆಗಳ ನಡುವೆ ನೂರಿನ್ನೂರು ಹೆಜ್ಜೆ ಒಳಗೆ ನಡೆದು, ಮೊಣಕಾಲೆತ್ತರದ ಒಂದು ದೊಡ್ಡ ಬಂಡೆಯ ಮರೆಯಲ್ಲಿ ಮೂರು ಕಲ್ಲು ಇಟ್ಟ. ಶೋಭಾರಾಣಿಯೂ ಹಿಂದೆಯೇ ಹೋದಳು. ಗಂಡನ ಮೇಲಿನ ಪ್ರೀತಿಗಲ್ಲ. ಹಿಟ್ಟು ಅವಳದು. ನಗರಗೆರೆಯ ತವರಿನ ರಾಗಿ ಬೀಸಿಸಿ ತಂದ ಹಿಟ್ಟನ್ನು ಈ ಮನುಷ್ಯ ಗಂಟು ಮಾಡಿ ಕೆಡಿಸುವುದನ್ನು ನೋಡಿಕೊಂಡಿರಲು ಅವಳಿಂದಾಗದು. ಒಲೆಯ ಹತ್ತಿರ ಚಪ್ಪಲಿ ಮೆಟ್ಟುವುದುಂಟೇ? ಇಬ್ಬರೂ ಮಾರು ದೂರದ ಒಂದು ತಗ್ಗಿನಲ್ಲಿ ಚಪ್ಪಲಿ ಬಿಟ್ಟು ಬಂದರು. ಗಂಗುಲಮ್ಮ ಮಾತ್ರ ಬಂಡೆ ಚುಚ್ಚುತ್ತದೆಂದು ಚಪ್ಪಲಿ ಮೆಟ್ಟಿಕೊಂಡೇ ದೂರ ಕೂತಳು.

ಎಸರು ಕಾಯುವ ಹೊತ್ತಿಗೆ ಲೈಟ್‌ಹೌಸಿನ ಕಾವಲುಗಾರ ಮೇಲಿನಿಂದ ಕೈ ಬೀಸಿ ಕೂಗತೊಡಗಿದ. ಗಾಳಿಗೆ ಒಂದು ಮಾತೂ ಕೇಳಲಿಲ್ಲ.

"ಎಬ್ಬಿಸಕ್ಕೆ ನೋಡ್ತಾನೆ" ಎಂದು ಚಲಪತಿ ಕೆರಳಿದ. "ಕೆರೆ ಅಂಗಳ ಸರ್ಕಾರದ್ದು. ಇವನಪ್ಪಂದಾ?"

"ಏನಂತೆ ಕೇಳ್ಕೊಂಡು ಬರ್ತೀನಿ, ಇರು" ಎಂದು ಗಂಗುಲಮ್ಮ ಎದ್ದು ಹೋದಳು. ಆ ಊರಲ್ಲಿ ಅವಳ ಉರ್ದುವೊಂದೇ ಈ ಮೂವರ ಬಾಯಿ.

ಹೋದವಳು ಬರಲಿಲ್ಲ. ನಾಲ್ಕು ಗಂಟೆಯಾಯಿತು. ಶೋಭಾರಾಣಿ ತಲೆಯೆತ್ತಿ ನೋಡಿದರೆ ಲೈಟ್‌ಹೌಸಿನ ತುತ್ತತುದಿಯ ಕಟಾಂಜನದ ಹಿಂದೆ ಅತ್ತಿಗೆಯ ಹಸಿರು ಸೀರೆ! ಅವಳ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೈದು ವರ್ಷ ಕಾದ ಜಾಗ. ಅಲ್ಲಿ ಅತ್ತಿಗೆ ಎಲೆಅಡಿಕೆ ಜಗಿಯುತ್ತ ನಿಂತಿದ್ದಾಳೆ. ತಾನು ಇಲ್ಲಿ ಹೊಗೆ ಕುಡಿಯುತ್ತಿದ್ದಾಳೆ.

ಆ ಸಿಟ್ಟಿನಲ್ಲಿ ಮುಖ ತಿರುಗಿಸಿದಾಗಲೇ ಅವಳಿಗೆ ನೀರು ಕಂಡದ್ದು. ಬಿಳಿಯ ಗೆರೆ ದೂರದಲ್ಲಿರಲಿಲ್ಲ. ಗುಂಡಿಯಿಂದ ಗುಂಡಿಗೆ ಸದ್ದಿಲ್ಲದೆ ತುಂಬುತ್ತ, ಹಿಂದಿನಿಂದ ಸುತ್ತಿಕೊಂಡು ಬರುತ್ತಿತ್ತು. ಚಪ್ಪಲಿ ಬಿಟ್ಟಿದ್ದ ತಗ್ಗಿಗೆ ಆಗಲೇ ಇಳಿದಿತ್ತು. "ರೀ" ಎಂಬ ಶಬ್ದ ಅವಳ ನಾಲಗೆಯ ತುದಿಗೆ ಬಂತು. ಅದನ್ನು ಅಲ್ಲೇ ಕಚ್ಚಿ ಹಿಡಿದಳು. ಟಪಾಲು ಮೇಲಿದೆ. ನೇರವಾಗಿ ಹೇಳಿದರೆ ಶಪಥ ಹೋಯಿತು. ಹೇಳಬೇಕಾದ್ದಾದರೂ ಏನು? ದೊಡ್ಡ ಸರ್ವೆಯರ್, ತಾನೇ ನೋಡಲಿ.

ಸರ್ವೆಯರ್ ಎರಡು ಕಾಲಿನ ನಡುವೆ ಪಾತ್ರೆ ಅಮುಕಿ ಮುದ್ದೆ ತೊಳಸುತ್ತಿದ್ದ. ನೀರು ಒಲೆಗೆ ಬಂದು ಚುಸ್ಸೆಂದಾಗ ಹೌಹಾರಿ ಎದ್ದ. ಪಾತ್ರೆಯನ್ನು ಎತ್ತಿಕೊಂಡು ದೊಡ್ಡ ಬಂಡೆ ಹತ್ತಿದ. ಶೋಭಾರಾಣಿಯೂ ಸೀರೆ ಎತ್ತಿಕಟ್ಟಿ ಇನ್ನೊಂದು ಕಡೆಯಿಂದ ಹತ್ತಿದಳು. ಅಷ್ಟರಲ್ಲಿ ನಾಲ್ಕು ಚಪ್ಪಲಿಗಳು ಒಂದರ ಹಿಂದೊಂದು ಅರಬ್ಬೀ ಸಮುದ್ರದ ಕಡೆಗೆ ಹೊರಟಿದ್ದವು. ಬರಿಗಾಲಲ್ಲಿ ಇಳಿಯಲು ಹೋದ ಚಲಪತಿ ಹವಳದ ಮೊನೆ ತಗುಲಿ "ಅಮ್ಮಾ" ಎಂದು ವಾಪಸು ಹತ್ತಿದ. ಬಂಡೆಯ ಮೇಲೆ ಈಗ ಇದ್ದದ್ದು ಗಂಡ, ಹೆಂಡತಿ, ಅರೆಬೆಂದ ಹಿಟ್ಟು, ನೀರಿನ ಜೊತೆ ಹತ್ತಿ ಬಂದ ಒಂದು ಏಡಿ.

ಶೋಭಾರಾಣಿ ಏಡಿಯ ಕಡೆ ತಿರುಗಿದಳು.

"ನೋಡಪ್ಪ, ಮೂವತ್ತು ವರ್ಷ ಕೆರೆ ಅಳೆದವರಿಗೆ ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲ."

ಚಲಪತಿಯೂ ಏಡಿಯನ್ನೇ ದುರುಗುಟ್ಟಿ ನೋಡಿದ. "ಅವಳನ್ನ ಕೇಳು, ನೀರು ಬರೋದು ಕಾಣಿಸ್ತಲ್ಲ, ಬಾಯಲ್ಲಿ ಏನಿತ್ತು ಅಂತ."

"ಶಪಥ ಇತ್ತು ಅಂತ ಹೇಳು."

"ಹೊಸ ಚಪ್ಪಲಿ ಹೋಯ್ತು ನಂದು."

"ಇಪ್ಪತ್ತೈದು ವರ್ಷದ ಆಸೆ ಹೋಯ್ತು ನಂದು. ಇಬ್ಬರೇ ಹೋಗಣ ಅಂದವರು ಮೂರು ಟಿಕೆಟ್ ಯಾಕೆ ತಂದ್ರು ಅಂತ ಕೇಳಪ್ಪ."

ಚಲಪತಿ ಏಡಿಯ ಕಡೆ ಇನ್ನಷ್ಟು ಬಗ್ಗಿದ. ಆಮೇಲೆ ದನಿ ತಗ್ಗಿಸಿದ.

"ಹಿಂದೂಪುರ ದಾಟಿದ್ರೆ ಕುಡಿಯೋ ನೀರು ಕೇಳಕ್ಕೂ ನನಗೆ ಬರಲ್ಲ. ಇವಳಿಗೂ ಬರಲ್ಲ. ಅಕ್ಕನಿಗಾದ್ರೆ ಉರ್ದು ಬರುತ್ತೆ. ಈ ದೂರದ ದೇಶದಲ್ಲಿ ಇವಳನ್ನ ಕಳ್ಕೊಂಡ್ರೆ ಯಾರನ್ನ ಕೇಳಲಿ, ಯಾವ ಭಾಷೇಲಿ ಕೇಳಲಿ ಅಂತ ಭಯ ಆಯ್ತು. ಭಯ ಆಯ್ತು ಅಂತ ಹೆಂಡ್ತಿ ಹತ್ರ ಹೇಳಕ್ಕಾಗುತ್ತಾ? ಅದಕ್ಕೆ ಅಕ್ಕ ಪಾಪ ಅಂತ ಅಂದೆ."

ಶೋಭಾರಾಣಿಯ ಎದೆಯೊಳಗೆ ಏನೋ ಸಡಿಲವಾಯಿತು. ಅದು ಅವಳಿಗೆ ಇಷ್ಟವಾಗಲಿಲ್ಲ. ಒಂಬತ್ತು ದಿನ ಜೋಪಾನವಾಗಿ ಸಾಕಿದ ಸಿಟ್ಟು.

"ಹಂಗಂತ ಮೊದಲೇ ಹೇಳಿದ್ರೆ ಅತ್ತಿಗೇನ ನಾನೇ ಕರೀತಿದ್ದೆ ಅಂತ ಹೇಳು."

"ಹೇಳಬೇಕಾಗಿತ್ತು. ತಪ್ಪಾಯ್ತು ಅಂತ ಹೇಳು."

ಗೆದ್ದೆ ಎಂದು ಅವಳು ತಲೆಯೆತ್ತಿದರೆ ಗಂಡ ನೋಡುತ್ತಿದ್ದದ್ದು ಏಡಿಯನ್ನು. ಇಪ್ಪತ್ತೈದು ವರ್ಷ ಕಟ್ಟಿಕೊಂಡವಳು ತಾನು. ತಪ್ಪಾಯ್ತು ಕೇಳಿಸಿಕೊಂಡದ್ದು ಏಡಿ. ಇದನ್ನು ಲೆಕ್ಕಕ್ಕೆ ಹಿಡಿಯುವುದೇ? ಸಾಧ್ಯವಿಲ್ಲ. "ಆ ತಪ್ಪಾಯ್ತನ್ನ ಇತ್ಲಾಗೆ ತಿರುಗಿ ಹೇಳಕ್ಕೆ ಹೇಳು" ಎಂದು ಅಬ್ಬರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಅಲೆ ಬಂಡೆಯ ಮೇಲೆ ಹಾದು ಇಬ್ಬರ ಪಾದವನ್ನೂ ತೋಯಿಸಿ ಹೋಯಿತು. ಏಡಿಯೂ ಅದರ ಜೊತೆಗೇ ಹೋಯಿತು.

ಈಗ ಬಂಡೆಯ ಮೇಲೆ ಮಾತಾಡಲು ಮೂರನೆಯವರಿಲ್ಲ. ಚಲಪತಿ ಆಕಾಶ ನೋಡಿದ. ಶೋಭಾರಾಣಿ ಪಾತ್ರೆ ನೋಡಿದಳು. ಇನ್ನೊಂದು ಅಲೆ ಬಂತು. ಕಾಲ ಹರಡಿನವರೆಗೆ ತಣ್ಣನೆಯ ನೀರು ಏರಿದಾಗ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ರೀ."

ಮುಗಿಯಿತು. ಹತ್ತಾರು ಗೆಲುವುಗಳ ನಲ್ಲಪ್ಪನ ಮಗಳು ಸೋತಳು.

"ಏನು?" ಎಂದ ಚಲಪತಿ, ತಕ್ಷಣ. ಕಾಯುತ್ತಿದ್ದವನ ಹಾಗೆ.

"ಹಿಂಗೇ ನಿಂತಿರೋದಾ? ಕೈ ಕೊಡಿ."

ಅವನು ಹೆಗಲ ಮೇಲಿದ್ದ ಟವೆಲ್ಲನ್ನು ಎರಡಾಗಿ ಹರಿದು ಅವಳ ಎರಡು ಪಾದಕ್ಕೂ ಸುತ್ತಿ ಗಂಟು ಹಾಕಿದ. ತಾನು ಬರಿಗಾಲಲ್ಲೇ ಇಳಿದ. ಹಿಟ್ಟಿನ ಪಾತ್ರೆಯನ್ನು ಬಿಡಲು ಅವನೂ ಒಪ್ಪಲಿಲ್ಲ, ಅವಳೂ ಒಪ್ಪಲಿಲ್ಲ. ಒಂದೊಂದು ಕಡೆ ಹಿಡಿದುಕೊಂಡು, ಮೊಣಕಾಲುದ್ದ ನೀರಿನಲ್ಲಿ ಜಾರುತ್ತ, ಒಬ್ಬರನ್ನೊಬ್ಬರು ಈಗ ನೇರವಾಗಿಯೇ ಬೈಯುತ್ತ ದಡ ಸೇರುವ ಹೊತ್ತಿಗೆ ಐದೂ ಹತ್ತು. ಲೈಟ್‌ಹೌಸಿಗೆ ಬೀಗ ಬಿದ್ದಿತ್ತು. ಕಾವಲುಗಾರನ ಕಟ್ಟೆಯ ಮೇಲೆ ಗಂಗುಲಮ್ಮ ಕೂತು ಬಸಿಯಲ್ಲಿ ಟೀ ಊದಿಕೊಂಡು ಕುಡಿಯುತ್ತಿದ್ದಳು.

ಶೋಭಾರಾಣಿಗೆ ತಡೆಯಲಾಗಲಿಲ್ಲ. "ನೀರು ಬರೋದು ಮೇಲಿಂದ ಕಾಣಿಸಲಿಲ್ವಾ ಅತ್ತಿಗೆ?"

"ಕಾಣಿಸ್ದೆ ಏನಮ್ಮ. ನೀರು ಬರುತ್ತೆ ಅಂತಾನೇ ಆಯಪ್ಪ ಕೂಗ್ತಿದ್ದಿದ್ದು. ಸೀಟಿ ಊದಕ್ಕೆ ಹೋದ. ನಾನೇ ಕೈ ಹಿಡ್ಕೊಂಡೆ."

"ಯಾಕೆ?"

"ಮುಳುಗ್ತಾರಾ ಅಂತ ಕೇಳ್ದೆ. ಮೊಣಕಾಲುದ್ದ ಅಂದ. ನೋಡ್ದೆ, ಇಬ್ಬರೂ ಎದುರುಬದುರು ನಿಂತ್ಕೊಂಡು ಮಾತಾಡ್ತಿದ್ರಿ. ಒಂಬತ್ತು ದಿನ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನಗೆ ದವಡೆ ನೋವು ಬಂದಿತ್ತು ಕಣಮ್ಮ. ಒಂದು ಗಂಟೆ ರಜ ತಗೊಂಡೆ."

ಶೋಭಾರಾಣಿಗೆ ಸಿಟ್ಟು ಮಾಡಿಕೊಳ್ಳಲು ಜಾಗವೇ ಉಳಿದಿರಲಿಲ್ಲ. ಬೀಗದ ಕಡೆಗೊಮ್ಮೆ, ತುತ್ತತುದಿಯ ಕಡೆಗೊಮ್ಮೆ ನೋಡಿದಳು.

"ಮೇಲಿಂದ ಹೆಂಗಿತ್ತು ಅತ್ತಿಗೆ? ಅದನ್ನಾದ್ರೂ ಹೇಳಿ."

ಗಂಗುಲಮ್ಮ ಬಸಿ ಕೆಳಗಿಟ್ಟು, ನಿಧಾನವಾಗಿ ಬಾಯಿ ಒರೆಸಿಕೊಂಡಳು.

"ಏನೈತಮ್ಮ ನೋಡಕ್ಕೆ. ಸುತ್ತ ನೀರು. ಮಧ್ಯದಲ್ಲಿ ಒಂದು ಬಂಡೆ. ಬಂಡೆ ಮೇಲೆ ಎರಡು ಪೆದ್ದು."