ಉಪ್ಪಿಟ್ಟಿನ ದಂಡೆ, ಚಹಾದ ಸಮುದ್ರ

ಕಾಶಪ್ಪ: ಊರು ಮುಳುಗಿಸೋ ಮಂದಿಗೆ ನನ್ನ ಮಗಳ್ನ ಕೊಡೂದಿಲ್ಲ ಅಂದ್ರ ಕೊಡೂದಿಲ್ಲ!

ಗುರುಲಿಂಗವ್ವ: ಮುಂಜಾನಿಂದ ಇದು ಏಳನೇ ಸಲ. ಬೇಕಾರ ಗ್ವಾಡಿ ಮ್ಯಾಲ ಬರದು ಇಡ್ರಿ, ಒದರೋ ತ್ರಾಸು ತಪ್ಪತೈತಿ.

ಕಾಶಪ್ಪ: ಗ್ವಾಡಿ ಮ್ಯಾಲ ಜಾಗಾ ಎಲ್ಲೈತಿ? ಅವನ ಅಣ್ಣತಮ್ಮಂದಿರು ಮೊದಲೇ ಬರದು ಹೋಗ್ಯಾರಲ್ಲ!

ಕಾಶಪ್ಪ ಕೈ ತೋರಿಸಿದ್ದು ಪಡಸಾಲೆಯ ಗೋಡೆಯ ಕಡೆಗೆ. ಅಲ್ಲಿ ಮೊಣಕಾಲೆತ್ತರದಲ್ಲಿ ಒಂದು ಕೆಂಪು ಗೆರೆ. ಕೆಳಗೆ ಕೃಷ್ಣೆಗೆ ಕಟ್ಟುತ್ತಿದ್ದ ಅಣೆಕಟ್ಟು ತುಂಬಿದ ದಿನ ಘಟಪ್ರಭೆಯ ದಂಡೆಯಲ್ಲಿದ್ದ, ಆಗಿನ್ನೂ ಬಿಜಾಪುರ ಜಿಲ್ಲೆಗೆ ಸೇರಿದ್ದ ಬಾಗಲಕೋಟೆಯ ಹಳೇ ಪೇಟೆಯ ಈ ಮನೆಯಲ್ಲಿ ನೀರು ಇಲ್ಲಿಯವರೆಗೆ ನಿಲ್ಲುತ್ತದೆ ಎಂದು ಅಳತೆಯವರು ನಾಲ್ಕು ವರ್ಷದ ಹಿಂದೆ ಎಳೆದು ಹೋದ ಗೆರೆ ಅದು. ಅಂದಿನಿಂದ ಕಾಶಪ್ಪ ಎರಡು ವ್ರತ ಹಿಡಿದಿದ್ದ. ದೀಪಾವಳಿಗೊಮ್ಮೆ ಗೆರೆಯ ಮೇಲೆ ಸುಣ್ಣ ಬಳಿಯುವುದು, ತಿಂಗಳಿಗೊಮ್ಮೆ ಅಳತೆ ತಪ್ಪಿದೆ ಎಂದು ಅರ್ಜಿ ಬರೆಯುವುದು. ಸುಣ್ಣದೊಳಗಿಂದ ಕೆಂಪು ಮತ್ತೆ ಇಣುಕುತ್ತಿತ್ತು, ಅರ್ಜಿಯೊಳಗಿಂದ ಮಾತ್ರ ಈವರೆಗೆ ಏನೂ ಇಣುಕಿರಲಿಲ್ಲ.

ಆದರೆ ಇವತ್ತಿನ ಜಗಳ ವರನದು. ನಿನ್ನೆ ಗುಡೂರಿನ ಮುತ್ತಪ್ಪನೆಂಬ ಹುಡುಗ ಮಗಳು ಸುಂದರವ್ವನನ್ನು ನೋಡಲು ಬಂದಿದ್ದ. ಕಾರವಾರದಲ್ಲಿ ಸರಕಾರಿ ನೌಕರಿ. ಎಂಥ ನೌಕರಿ ಎಂದು ಕಾಶಪ್ಪ ಕೇಳಬಾರದಿತ್ತು, ಕೇಳಿದ. ಸಮುದ್ರ ಏರಿದರೆ ಯಾವ ಊರು ಎಷ್ಟು ಮುಳುಗುತ್ತದೆ, ದಂಡೆ ಎಷ್ಟು ಕೊರೆದು ಹೋಗುತ್ತದೆ ಎಂದು ಮಾದರಿ ಮಾಡಿ ನೋಡುವ ನೌಕರಿ ಎಂದು ಹುಡುಗ ಹೇಳಿಬಿಟ್ಟ. ಅದೂ ಬಾಗಲಕೋಟೆಯಲ್ಲಿ, ಅದೂ ಈ ಗೋಡೆಯ ಮುಂದೆ ಕೂತು!

ಸಂಬಂಧ ತಂದಿದ್ದ ಪೇಟೆಯ ಅಯ್ಯನವರು ರಾಚಯ್ಯ ಹನ್ನೊಂದರ ಬಸ್ಸಿಗೆ ಗುಡೂರಿಗೆ ಹೋಗಿ ಹೌದು ಅಥವಾ ಇಲ್ಲ ಹೇಳಬೇಕಿತ್ತು. ಕಂಬಕ್ಕೆ ಒರಗಿ, ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಎರಡನೆಯ ಚಹಾ ಕುಡಿಯುತ್ತಿದ್ದರು. ಗುರುಲಿಂಗವ್ವನಿಗೆ ಹೌದು ಬೇಕಿತ್ತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಮಗಳ ಮನಸ್ಸಿಗೂ ಬಂದಿದ್ದಾನೆಂಬುದು ಬಾಗಿಲ ಹಿಂದೆ ಬಳೆ ಸದ್ದು ನಿಂತ ರೀತಿಯಲ್ಲೇ ಅವಳಿಗೆ ತಿಳಿದಿತ್ತು.

ರಾಚಯ್ಯ: ಕಾಶಪ್ಪಾ, ಹುಡುಗ ಮುಳುಗಸೂದಿಲ್ಲಪಾ. ಮುಳುಗಿದ್ರ ಎಲ್ಲಿ ಮಟಾ ಮುಳುಗತೈತಿ ಅಂತ ಬರೇ ನೋಡ್ತಾನ.

ಕಾಶಪ್ಪ: ಅಯ್ಯಾರ, ಇಲ್ಲಿಗೆ ಬಂದವರೂ ಹಂಗೇ ಅಂದಿದ್ರು. 'ಬರೇ ನೋಡಾಕ ಬಂದೇವ್ರಿ ಯಜಮಾನ್ರ.' ಮೊದಲ ಮೂರು ಕಾಲಿನ ಮ್ಯಾಲ ದುರ್ಬೀನು ಇಟ್ರು. ಆಮ್ಯಾಲ ಕಲ್ಲು ನೆಟ್ರು. ಆಮ್ಯಾಲ ಮನಿಯೊಳಗ ಬಂದು ಗೆರಿ ಎಳದ್ರು. ನಮ್ಮಜ್ಜನ ಕಾಲದಿಂದ ಆ ಹೊಳಿ ತನ್ನಷ್ಟಕ್ಕ ತಾ ಹೊಂಟಿತ್ತು, ಒಂದಿನಾ ನಮ್ಮ ಪಡಸಾಲಿಗೆ ಬಂದಿರಲಿಲ್ಲ. ಅಳತಿ ಮಾಡಿದ ಮ್ಯಾಲ ನೋಡ್ರಿ ಅದಕ್ಕ ನಮ್ಮ ಮನಿ ವಿಳಾಸಾ ಸಿಕ್ಕಿದ್ದು! ಈಗ ಇವ ಸಮುದ್ರಕ್ಕೂ ವಿಳಾಸಾ ಬರದು ಕೊಡಾಕತ್ತಾನ.

ಗುರುಲಿಂಗವ್ವ: ಹೌದ್ರಿ, ಪಾಪ, ಸಮುದ್ರಕ್ಕ ಕಾರವಾರ ಎಲ್ಲೈತಿ ಅಂತ ಗೊತ್ತಿರಲಿಲ್ಲ. ಇವ ಹೋಗಿ ತೋರ್ಸಿದ.

ಕಾಶಪ್ಪ: ನಗಾಕ ಹೋಗಬ್ಯಾಡ. ನಿನ್ನಿ ಏನ್ ಮಾಡಿದ ನೋಡಿದಿಲ್ಲೋ? 'ಒಂದು ಮಾದರಿ ತೋರಸ್ತೇನ್ರಿ ಮಾವಾರ' ಅಂದ. ಇನ್ನ ಹೆಣ್ಣಿನ ಮಾರಿ ಪೂರಾ ನೋಡಿಲ್ಲ, ಆಗಲೇ ನಾ ಮಾವ! ತಾಟಿನಾಗಿನ ಉಪ್ಪಿಟ್ಟು ಒಂದು ಬಾಜೂ ಒಟ್ಟಿ ಇದು ದಂಡಿ ಅಂದ. ಅದರ ಮ್ಯಾಲ ಶೇಂಗಾಕಾಳು ಇಟ್ಟು ಇವು ಮನಿ ಅಂದ. ಬಸಿಯಾಗಿನ ಚಾ ಸುರುವಿ ಇದು ಸಮುದ್ರ ಅಂದ. ಬೀಗರ ಮನಿಗೆ ಬಂದು ಯಾರರ ಉಪ್ಪಿಟ್ಟಿಗೆ ಚಾ ಹಾಕ್ತಾರೇನು?

ರಾಚಯ್ಯ: ನೀ ಕೇಳಿದ್ದಕ್ಕ ತೋರ್ಸಿದನಪಾ.

ಕಾಶಪ್ಪ: ನೌಕರಿ ಏನಂತ ಕೇಳಿದ್ನಿ, ನಾಷ್ಟಾ ಹಾಳು ಮಾಡು ಅಂತ ಹೇಳಿದ್ನೇನು? ತಾಟು ಅಳ್ಳಾಡಿಸಿದ, ಚಾ ತೆರಿ ಹೊಡೀತು. ಉಪ್ಪಿಟ್ಟು ಬುಡದಾಗ ಕೊರದು ಧಪ್ಪಂತ ಕುಸೀತು. ಎರಡು ಮನಿ ಉರುಳಿ ಚಾದಾಗ ಬಿದ್ದುವು. 'ನೋಡಿದ್ರ್ಯಾ ಮಾವಾರ, ನೀರು ಏರಿದ್ದು ಒಂದು ಬೆರಳು, ದಂಡಿ ಹೋಗಿದ್ದು ನಾಕು ಬೆರಳು' ಅಂತಾನ. ಮಾರಿ ನೋಡಿದ್ರಿಲ್ಲೋ, ಗಂಡು ಹಡದವರಂಗ ಅರಳಿತ್ತು!

ಗುರುಲಿಂಗವ್ವ: ಮುಂದಿಂದು ಯಾಕ ಹೇಳವಲ್ರಿ? ಚಾದಾಗ ತೊಯ್ದ ಆ ಉಪ್ಪಿಟ್ಟು ಒಂದು ಹಳಕೂ ಬಿಡದಂಗ ತಿಂದ. ಸುಂದ್ರವ್ವ ಮಾಡಿದ್ದಕ್ಕ ನೀವು ದಿನಾ ಉಪ್ಪಿಲ್ಲ, ಖಾರಿಲ್ಲ ಅಂತ ಅರ್ಧಾ ಬಿಟ್ಟು ಏಳ್ತೀರಿ.

ಕಾಶಪ್ಪ: ಊರು ನುಂಗಾವಗ ಉಪ್ಪಿಟ್ಟು ಯಾವ ಲೆಕ್ಕ?

ಒಳಗೆ ಪಾತ್ರೆಯೊಂದು ಜೋರಾಗಿ ಸದ್ದು ಮಾಡಿತು. ಸುಂದರವ್ವನ ಅಭಿಪ್ರಾಯ ಆ ಮನೆಯಲ್ಲಿ ಯಾವಾಗಲೂ ಪಾತ್ರೆಯ ಮೂಲಕವೇ ಹೊರಗೆ ಬರುತ್ತಿತ್ತು. ಕಾಶಪ್ಪ ಒಮ್ಮೆ ಆ ಕಡೆ ನೋಡಿ, ದನಿ ತಗ್ಗಿಸದೆ ಮುಂದುವರಿಸಿದ.

ಕಾಶಪ್ಪ: ಅಲ್ರೀ ಅಯ್ಯಾರ, ಸುಮ್ಮಕಿದ್ದ ಸಮುದ್ರ ಯಾಕ ಏರತೈತಂತ?

ರಾಚಯ್ಯ: ಭೂಮಿ ಕಾಯಾಕತ್ತೈತಂತ. ಎಲ್ಲೋ ದೂರ ಬರ್ಫದ ಗುಡ್ಡ ಅದಾವಂತ. ಅವು ಕರಗಿ ನೀರಾಗತಾವಂತ.

ಕಾಶಪ್ಪ: ಬಾಗಲಕೋಟ್ಯಾಗ ಭೂಮಿ ತಣ್ಣಗಿದ್ದದ್ದು ಯಾವಾಗ್ರಿ? ಇಲ್ಲಿ ಇಷ್ಟು ಕಾಯ್ದರೂ ನಮ್ಮ ಹಿತ್ತಲ ಬಾವಿ ಒಂದು ಗೇಣು ಏರಲಿಲ್ಲ. ಅಲ್ಲಿ ಸಮುದ್ರ ಏರತೈತಂತ! ಆತು, ಎಷ್ಟು ದಿನಕ್ಕ ಏರತೈತಂತ?

ರಾಚಯ್ಯ: ನೂರು ವರ್ಷಕ್ಕ ಒಂದು ಮೊಳಾನೋ ಎರಡು ಮೊಳಾನೋ ಅಂದಂಗಿತ್ತು. ಅವರಿಗೂ ಇನ್ನ ಪಕ್ಕಾ ಇಲ್ಲಂತ.

ಕಾಶಪ್ಪ: ನೂರು ವರ್ಷಕ್ಕ! ಅದೂ ಪಕ್ಕಾ ಇಲ್ಲ! ಪಗಾರಾ ಮಾತ್ರ ತಿಂಗಳಾ ತಿಂಗಳಾ ಪಕ್ಕಾ!

ಗುರುಲಿಂಗವ್ವ: ನಿಮ್ಮ ಅರ್ಜಿನೂ ಹಂಗೇ ಐತಲ್ರಿ. ಬರಿಯೂದು ತಿಂಗಳಾ ತಿಂಗಳಾ, ಉತ್ತರಾ ನೂರು ವರ್ಷಕ್ಕ. ಮಾವ ಅಳಿಯ ಒಂದೇ ಖಾತೆದವ್ರು.

ಕಾಶಪ್ಪ: ಅಳಿಯ ಅನಬ್ಯಾಡ! ನಾಳೆ ಆ ದಂಡಿ ಕುಸದು ನನ್ನ ಮಗಳು ಸಮುದ್ರದಾಗ ಬಿದ್ರ?

ಗುರುಲಿಂಗವ್ವ: ನೂರು ವರ್ಷಕ್ಕ ಎರಡು ಮೊಳ ಏರೋ ಊರಿಗೆ ಕೊಡಾಕ ಅಂಜತೀರಿ. ಮೊಣಕಾಲ ಮಟಾ ನೀರು ಬರೋ ಮನ್ಯಾಗ ಪಟಗಾ ಸುತಗೊಂಡು ಆರಾಮ ಕುಂತೀರಿ.

ಈ ಮಾತು ಕಾಶಪ್ಪನಿಗೆ ತಾಗಬೇಕಾದ ಕಡೆಗೇ ತಾಗಿತು. ಇಲಕಲ್ಲ ಸೀರೆಯ ಅಂಗಡಿ ಇಟ್ಟು ಮೂವತ್ತು ವರ್ಷ ಕಬ್ಬಿಣದ ಗಜಕಡ್ಡಿ ಹಿಡಿದ ಮನುಷ್ಯ. ಅಳತೆಯ ಮಾತು ಬಂದರೆ ಸುಮ್ಮನೆ ಕೂಡುವವನಲ್ಲ. ಗೂಟಕ್ಕೆ ನೇತುಹಾಕಿದ್ದ ಗಜಕಡ್ಡಿಯನ್ನು ತಂದು ಗೋಡೆಗೆ ಆನಿಸಿ, ಅಯ್ಯನವರೇ ಮುಳುಗಡೆ ಆಫೀಸು ಎಂಬಂತೆ ಅವರ ಕಡೆ ತಿರುಗಿದ.

ಕಾಶಪ್ಪ: ಬರೂದಿಲ್ಲ! ಗೆರಿ ತಪ್ಪೈತಿ! ನೋಡ್ರಿ ಇಲ್ಲಿ. ಬಾಜೂಮನಿ ಯಂಕಪ್ಪನ ಪಡಸಾಲಿ ನಮ್ಮದಕ್ಕಿಂತ ಎರಡು ಪಾವಟಿಗಿ ಕೆಳಗೈತಿ. ಅವನ ಗ್ವಾಡಿ ಮ್ಯಾಲೂ ಗೆರಿ ಮೊಣಕಾಲ ಮಟಾ, ನಮ್ಮದರ ಮ್ಯಾಲೂ ಮೊಣಕಾಲ ಮಟಾ. ನೀರು ಮೊದಲ ಅವನ ಮನ್ಯಾಗ ಕುಂತು, ಚಾ ಕುಡದು, ಆಮ್ಯಾಲ ಪಾವಟಿಗಿ ಹತ್ತಿ ನಮ್ಮ ಮನಿಗೆ ಬರತೈತೇನು, ಬೀಗರಂಗ?

ಗುರುಲಿಂಗವ್ವ: ಅದನ್ನೇ ಆ ಹುಡುಗನೂ ಅಂದ.

ಕಾಶಪ್ಪ: ಏನಂದ?

ಗುರುಲಿಂಗವ್ವ: ಗೆರಿ ತಪ್ಪೈತಿ ಅಂದ.

ಗಜಕಡ್ಡಿ ಕಾಶಪ್ಪನ ಕೈಯಲ್ಲಿ ಹಾಗೇ ನಿಂತಿತು. ಗುರುಲಿಂಗವ್ವ ಹೇಳಿದ್ದು ಸುಳ್ಳಲ್ಲ. ನಿನ್ನೆ ಹುಡುಗ ಕೈ ತೊಳೆಯಲು ಎದ್ದಾಗ ತಂಬಿಗೆ ಹಿಡಿದು ನಿಂತಿದ್ದವಳು ಅವಳೇ. ಸುಣ್ಣದೊಳಗಿನ ಕೆಂಪನ್ನು ಕಂಡು ಅವನು ಕುಕ್ಕರಗಾಲಲ್ಲಿ ಕೂತ. ಬೀದಿಯ ಕಡೆ ನೋಡಿದ, ಯಂಕಪ್ಪನ ಕಟ್ಟೆಯ ಕಡೆ ನೋಡಿದ, ಹಿತ್ತಲಿಗೂ ಹೋಗಿ ಬಂದ. ಆಮೇಲೆ ಈ ಗೆರೆ ತಪ್ಪಿದೆ ಎಂದ. ಅಷ್ಟಕ್ಕೇ ನಿಲ್ಲಿಸದೆ ಇನ್ನೂ ಒಂದು ಮಾತು ಹೇಳಿದ. ಕಾಶಪ್ಪ ಆಗಲೇ ಮುನಿದು ಅಂಗಡಿಯ ಕಡೆ ಎದ್ದು ಹೋಗಿದ್ದರಿಂದ ಆ ಇನ್ನೊಂದು ಮಾತನ್ನು ಕೇಳಿದ್ದವರು ಅವಳು ಮತ್ತು ರಾಚಯ್ಯ ಇಬ್ಬರೇ. ಅದನ್ನು ಈಗ ಹೊರಗೆ ಬಿಡುವ ಮನಸ್ಸು ಅವಳಿಗಿರಲಿಲ್ಲ.

ರಾಚಯ್ಯ: ಅಂದದ್ದು ಖರೆ ಕಾಶಪ್ಪಾ. ಆದ್ರ ಅಂವ ಏನಂದಾ ಅಂದ್ರ...

ಗುರುಲಿಂಗವ್ವ: ಅಯ್ಯಾರ, ಚಾ ಆರತೈತಿ. ಮೊದಲ ಕುಡೀರಿ.

ಕಾಶಪ್ಪ: ಕೇಳಿದ್ಯಾ? ಕೇಳಿದ್ಯಾ ಗುರುಲಿಂಗೀ? ನಾಕು ವರ್ಷದಾಗ ಈ ಮನಿಗೆ ಬಂದ ಮೊದಲನೇ ಶಾಣ್ಯಾ! ಎಷ್ಟು ಕಲ್ತಾನಂತ್ರಿ ಹುಡುಗ?

ರಾಚಯ್ಯ: ಕಲ್ತಾನಪಾ ಭಾಳ. ಅದಕ್ಕೇ ಹೇಳ್ತೇನಿ, ಪೂರಾ ಕೇಳು...

ಗುರುಲಿಂಗವ್ವ: ಚಾಕ್ಕ ಸಕ್ಕರಿ ಸಾಕಾಯ್ತಿಲ್ರಿ ಅಯ್ಯಾರ?

ಕಾಶಪ್ಪ: ಅಂತಾ ದೊಡ್ಡ ಸಮುದ್ರನ ಅಳಿಯಾವಗ ಈ ಘಟಪ್ರಭಾ ಯಾವ ಲೆಕ್ಕ! ಏನ್ ತಲಿ ಅಂತೀನಿ. ತಾಟಿನಾಗ ಒಂದು ಹಿಡಿ ಉಪ್ಪಿಟ್ಟು ಇಟಗೊಂಡು ಸಮುದ್ರನ ತಂದು ತೋರ್ಸಿದ ನೋಡ್ರಿ. ನಮ್ಮ ಅಳತಿ ಮಂದಿಗೆ ಹೋಳಿಗಿ ಊಟಾ ಹಾಕಿದ್ರೂ ಇಷ್ಟು ತಿಳೀಲಿಲ್ಲ.

ಗುರುಲಿಂಗವ್ವ: ಅಂವ ಊರು ನುಂಗಾವಲ್ಲೇನ್ರಿ?

ಕಾಶಪ್ಪ: ಯಾರಂದ್ರು? ಅಂವ ಯಾಕ ನುಂಗ್ಯಾನು? ಬರೇ ನೋಡ್ತಾನ. ಸರಕಾರಿ ಮನಶ್ಯಾ ತಪ್ಪೈತಿ ಅಂದ ಮ್ಯಾಲ ಆತು, ಇನ್ನ ಯಾರೂ ಈ ಮನಿ ಮುಟ್ಟಾಕ ಬರೂದಿಲ್ಲ. ನನ್ನ ಅಳಿಯನ ಕಡಿಂದನ ಒಂದು ಕಾಗದಾ ಬರಸ್ತೇನಿ. ಸುಂದ್ರವ್ವಾ, ಸಕ್ಕರಿ ತಾರವಾ!

ಸುಂದರವ್ವ ಬರಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಡಬ್ಬಿ ಮೊದಲೇ ಅವಳ ಕೈಯಲ್ಲಿತ್ತು. ಆ ಪೇಟೆಯಲ್ಲಿ ಅಯ್ಯನವರ ಮುಂದೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಸಂಬಂಧ ಕೂಡಿದಂತೆ. ಅದಾದ ಮೇಲೆ ಹಿಂದೆ ಸರಿದವನ ಮನೆಯಿಂದ ಮುಂದೆ ಯಾರೂ ಹೆಣ್ಣು ತರುತ್ತಿರಲಿಲ್ಲ, ಆ ಮನೆಗೆ ಕೊಡುತ್ತಲೂ ಇರಲಿಲ್ಲ. ಇದು ತಿಳಿದೇ ರಾಚಯ್ಯನವರು ಕಡೆಯ ಪ್ರಯತ್ನವೆಂದು ಎರಡೂ ಕೈ ಎತ್ತಿದರು.

ರಾಚಯ್ಯ: ತಡಿ ಕಾಶಪ್ಪಾ, ಬಾಯಾಗ ಹಾಕ್ಕೊಳ್ಳೂಕಿಂತ ಮೊದಲ ಒಂದು ಮಾತು...

ಗುರುಲಿಂಗವ್ವ: ಮೊದಲ ನಿಮಗ್ರಿ ಅಯ್ಯಾರ. ಬಾಯಿ ತಗೀರಿ.

ಅಯ್ಯನವರ ಬಾಯಿ ಮಾತಿಗೆಂದು ತೆರೆದಿತ್ತು. ಅದರೊಳಗೆ ಹಿಡಿ ಸಕ್ಕರೆ ಬಿತ್ತು. ಅವರು ಅದನ್ನು ನುಂಗುವಷ್ಟರಲ್ಲಿ ಕಾಶಪ್ಪ ತಿಂದಿದ್ದ, ಗುರುಲಿಂಗವ್ವ ತಿಂದಿದ್ದಳು, ಸುಂದರವ್ವ ಮೂವರ ಕಾಲಿಗೂ ನಮಸ್ಕಾರ ಮಾಡಿ ಒಳಗೆ ಓಡಿದ್ದಳು.

ಕಾಶಪ್ಪ: ಹಾಂ, ಈಗ ಹೇಳ್ರಿ ಅಯ್ಯಾರ. ಎಷ್ಟು ತಪ್ಪೈತಂತ? ನೀರು ಹೊಸ್ತಲಾ ದಾಟೂದಿಲ್ಲಂತ ಹೌದಿಲ್ಲೋ?

ರಾಚಯ್ಯನವರು ಗುರುಲಿಂಗವ್ವನ ಮುಖ ನೋಡಿದರು. ಅವಳು ಹೇಳಿರಿ ಎಂಬಂತೆ ತಲೆಯಾಡಿಸಿದಳು. ಅಯ್ಯನವರು ಬೆರಳನ್ನು ಕೆಂಪು ಗೆರೆಯ ಮೇಲಿಂದ ನಿಧಾನವಾಗಿ ಮೇಲಕ್ಕೆ ಒಯ್ದರು.

ರಾಚಯ್ಯ: ಅಲ್ಲಿ ದೀಪಾ ಇಡೋ ಮಾಡಾ ಐತಲ್ಲ. ಅಲ್ಲಿ ಮಟಾ.

ಕಾಶಪ್ಪ: ಏನು ಅಲ್ಲಿ ಮಟಾ?

ರಾಚಯ್ಯ: ನೀರು. ಈ ಗೆರಿ ಸುಮ್ಮ ನಿಂತ ನೀರಿಂದಂತ. ಮಳಿಗಾಲದಾಗ ಹೊಳಿ ತುಂಬಿ ಬಂದಾಗ ಮುಂದ ಹೋಗಾಕ ಜಾಗಾ ಇಲ್ದ ನೀರು ಹಿಂದಕ್ಕ ಒತ್ತತೈತಂತ. ಅದನ್ನ ಇವರು ಹಿಡದಿಲ್ಲಂತ. ತಪ್ಪಿದ್ದು ನಿಮ್ಮ ಗೆರಿ ಅಷ್ಟೇ ಅಲ್ಲ, ಯಂಕಪ್ಪಂದೂ ತಪ್ಪೈತಂತ. ಮತ್ತ ನಿಮ್ಮ ಹಿತ್ತಲ ಮಣ್ಣಿನ ಗ್ವಾಡಿ ಮೊದಲನೇ ವರ್ಷನ ಬುಡಾ ಕೊರದು ಬೀಳತೈತಂತ.

ಕಾಶಪ್ಪ: ಉಪ್ಪಿಟ್ಟಿನಂಗ?

ರಾಚಯ್ಯ: ಉಪ್ಪಿಟ್ಟಿನಂಗ.

ಕಾಶಪ್ಪ ಗಜಕಡ್ಡಿ ಊರಿಕೊಂಡು ಮೆಲ್ಲಗೆ ಕೆಳಗೆ ಕೂತ. ನಾಲ್ಕು ವರ್ಷದಿಂದ ಬೈದು ಬೈದು ದೂರ ಇಟ್ಟಿದ್ದ ದುಃಖ ಒಮ್ಮೆಲೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನೀರು ಬರುತ್ತದೆಂದು ಅವನು ನಂಬಿದ್ದು ಅದೇ ಮೊದಲು. ಸರಕಾರದ ಗೆರೆಯಿಂದ ಆಗದ ಕೆಲಸ ಒಂದು ತಾಟು ಉಪ್ಪಿಟ್ಟಿನಿಂದ ಆಗಿತ್ತು.

ಕಾಶಪ್ಪ: ನಿನಗ ಗೊತ್ತಿತ್ತೇನು?

ಗುರುಲಿಂಗವ್ವ: ಗೊತ್ತಿತ್ರಿ.

ಕಾಶಪ್ಪ: ಮತ್ತ ಅರ್ಧಾನ ಯಾಕ ಹೇಳಿದಿ?

ಗುರುಲಿಂಗವ್ವ: ಪೂರಾ ಹೇಳಿದ್ರ ಆ ಹುಡುಗನ್ನ ಇಷ್ಟೊತ್ತಿಗೆ ಪೇಟಿ ದಾಟಿಸಿ ಅಟ್ಟತಿದ್ರಿ. ನಾ ಲಗ್ನಾಗಿ ಬಂದು ಮೊದಲ ಕುಂತದ್ದು ಈ ಪಡಸಾಲ್ಯಾಗ. ನನ್ನ ಮಗಳಿಗೆ ಅರಿಷಿಣ ಹಚ್ಚೂದೂ ಇಲ್ಲೇ ಆಗಬೇಕು. ಎಲ್ಲೋ ಸರಕಾರ ಕೊಡೋ ಹೊಸ ಊರಿನ ಬಯಲಾಗ, ಗುರ್ತಿಲ್ಲದ ಗ್ವಾಡಿ ಮುಂದ ಬ್ಯಾಡ. ಮನಿ ಉಳಸೂದು ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ. ಲಗ್ನಾ ಮಾಡೂದು ಐತಿ.

ಕಾಶಪ್ಪ ಪಟಗದ ತುದಿಯಿಂದ ಮುಖ ಒರೆಸಿಕೊಂಡ. ನೋಡಿದವರು ಬೆವರೆಂದು ತಿಳಿಯಲಿ ಎಂದು ಕತ್ತನ್ನೂ ಒರೆಸಿಕೊಂಡ. ರಾಚಯ್ಯನವರು ಬಸ್ಸಿನ ಹೊತ್ತಾಯಿತೆಂದು ಜೋಳಿಗೆ ಹೆಗಲಿಗೇರಿಸಿದರು.

ಕಾಶಪ್ಪ: ನಿಲ್ರಿ ಅಯ್ಯಾರ. ಇಷ್ಟೆಲ್ಲಾ ಗೊತ್ತಿದ್ದೂ ಅಂವ ಈ ಮನಿ ಅಳಿಯ ಆಗಾಕ ಹೂಂ ಅಂದ್ನೇನು?

ರಾಚಯ್ಯ: ಹೂಂ ಅಂದ. ನೀರು ಬಂದ ಮ್ಯಾಲ ಹಬ್ಬಕ್ಕ ಕರದ್ರ ದೋಣ್ಯಾಗ ಬರ್ತೇನಿ ಅಂದ.

ಕಾಶಪ್ಪ: ಮುಳುಗತೈತಿ ಅಂತ ತಾನ ಅಳದು ನೋಡಿ, ಮತ್ತ ಅದರಾಗ ತಾನ ಬಂದು ಬೀಳತಾನ! ಇಂಥಾ ಹುಚ್ಚ ಅಳಿಯ ಈ ಬಿಜಾಪುರ ಜಿಲ್ಲಾದಾಗ ಇನ್ನೊಬ್ಬರಿಗೆ ಸಿಕ್ಕಿಲ್ಲ ಬಿಡ್ರಿ.

ಗುರುಲಿಂಗವ್ವ ಖಾಲಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೊರಟಿದ್ದಳು. ತಿರುಗಿ ನೋಡದೆಯೇ ಹೇಳಿದಳು:

ಗುರುಲಿಂಗವ್ವ: ಯಾಕ ಸಿಕ್ಕಿಲ್ಲ? ನಮ್ಮಪ್ಪಗ ಸಿಕ್ಕಿದ್ನಲ್ರಿ.