ಲಾಡಲೇಸಾಬನ ಗಿಡದ ಗಾಡಿ

ಗಿಡಕ್ಕೆ ನೀರು ಹಾಕುವುದು ಎರಡು ನಿಮಿಷದ ಕೆಲಸ. ಒಂದು ಚರಿಗೆ ಬೇಕು, ಚೂರು ನೀರು ಬೇಕು, ಬಗ್ಗುವ ಸೊಂಟ ಬೇಕು. ಮೂರೂ ಇದ್ದೂ ಆ ಕೆಲಸಕ್ಕೆ ಎರಡು ತಿಂಗಳು ತೆಗೆದುಕೊಂಡ ಮಹಾಪುರುಷ ಇಡೀ ವಿಜಾಪುರದಲ್ಲಿ ಒಬ್ಬನೇ, ರೇಡಿಯೋ ರಿಪೇರಿಯ ಲಾಡಲೇಸಾಬ. ಇದು ಎಪ್ಪತ್ತೈದನೇ ಇಸವಿಯ ಮಾತು.

ಅವನ ಹೆಂಡತಿ ದಾವಲಬಿ ಅಂಗಳದ ಪಾಚಿಗಲ್ಲಿನ ಮೇಲೆ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ದವಾಖಾನೆಯವರು ಕಟ್ಟು ಕಟ್ಟಿ, ಮಲಗಿಯೇ ಇರಲಿ ಎಂದು ಮನೆಗೆ ಕಳಿಸಿದರು. ಎಷ್ಟು ದಿನ ಎಂದು ಕೇಳಿದರೆ ಮೇಲೆ ನೋಡಿದರು. ಮೂವತ್ತು ವರ್ಷ ಬಾಯಿಗೆ ಬಿಡುವು ಕೊಡದ ಹೆಂಗಸು (ಇದು ಲಾಡಲೇಸಾಬನ ದೂರು, ಓಣಿಯವರೂ ಅಲ್ಲಗಳೆಯುತ್ತಿರಲಿಲ್ಲ) ಮನೆಗೆ ಬಂದು ಒಂದೇ ಮಾತು ಕೇಳಿದಳು.

"ನನ್ನ ಗಿಡಕ್ಕ ಯಾರ ನೀರ ಹಾಕ್ತಾರ್ರಿ?"

"ಯಾಕ, ನಾ ಇಲ್ಲೇನ?" ಎಂದ ಲಾಡಲೇಸಾಬ, ಎದೆ ತಟ್ಟಿಕೊಂಡು.

ಆಮೇಲೆ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಮಾತು ನಿಂತಿತು. ತಿಕೋಟಾದಿಂದ ಆರೈಕೆಗೆ ಬಂದ ತಂಗಿ ರಹಿಮಾಬಿ ರೊಟ್ಟಿ ಮುರಿದು ಬಾಯಿಗೆ ಹಿಡಿದರೆ ನಾಲ್ಕು ತುತ್ತು, ಮುಂದಿಲ್ಲ. ಹೀಗೇ ಸದ್ದಿಲ್ಲದೆ ಹೊರಟುಬಿಟ್ಟಾಳು ಎಂಬ ಭಯ ಲಾಡಲೇಸಾಬನಿಗೆ ಹತ್ತಿತು.

ಭಯವಾದರೆ ಬೇರೆ ಗಂಡಸರು ದರ್ಗಾಕ್ಕೆ ಹೋಗುತ್ತಾರೆ. ಇವನು ಸ್ಕ್ರೂಡ್ರೈವರ್ ಹಿಡಿದ. ಅವಳ ಗಿಡಗಳು ತಾವಾಗಿ ಮಂಚದ ಬಳಿ ನಡೆದು ಬಂದರೆ ಗೋಡೆ ಬಿಟ್ಟು ಈಚೆ ತಿರುಗುತ್ತಾಳೆ, ತಿರುಗಿದರೆ ಬೈಯುತ್ತಾಳೆ, ಬೈದರೆ ಬದುಕುತ್ತಾಳೆ. ಇದು ಅವನ ಘನಯೋಜನೆ. (ಗಿಡವಿರುವ ಡಬ್ಬಿಯನ್ನು ಕೈಯಲ್ಲೇ ಎತ್ತಿ ತರಬಹುದಿತ್ತಲ್ಲ ಎನ್ನುವವರು ರೇಡಿಯೋ ರಿಪೇರಿ ಮಾಡಿದವರಲ್ಲ.)

ಆಟದ ಲಾರಿಯ ಗಾಲಿ, ಟೇಪ್ ರೆಕಾರ್ಡರಿನ ಎರಡು ಮೋಟಾರು, ಸ್ಕೂಟರಿನ ಹಳೆ ಬ್ಯಾಟರಿ ಕೂಡಿ ಗಾಡಿಯಾಯಿತು. ಕೆಲವು ಹಳೆ ಟ್ರಾನ್ಸಿಸ್ಟರುಗಳ ಮೈಮೇಲಿನ ಕಪ್ಪು ಬಣ್ಣ ಕೆರೆದರೆ ಅವಕ್ಕೆ ಬೆಳಕು ತಿಳಿಯುತ್ತದೆ. ಅಂಥ ಎರಡನ್ನು ಮುಂದೆ ಕಣ್ಣಾಗಿ ಕೂರಿಸಿದ. ಮೇಲೆ ದವಾಖಾನೆಯ ಖಾಲಿ ಸಲಾಯಿನ್ ಬಾಟಲಿ ತೂಗಿ, ಅದರ ನಳಿಕೆಯಿಂದ ಗಿಡದ ಬುಡಕ್ಕೆ ಹನಿ ಬೀಳುವಂತೆ ಮಾಡಿದ. ಮೊದಲ ಸಲ ಗಾಡಿ ಬೆಳಕು ಹುಡುಕುತ್ತ ಒಲೆಗೆ ನುಗ್ಗಿತು. ಎರಡನೆಯ ಸಲ ಸೂರ್ಯನ ದರ್ಶನಕ್ಕೆಂದು ಹೊಸ್ತಿಲು ದಾಟಿ ಗಟಾರ ಸೇರಿತು.

"ಭಾವಾರ, ಗಿಡಾ ಬಾಡಾಕತ್ತಾವು. ಒಂದ ಕೊಡಾ ನೀರ ಹಾಕ್ಲೇನ್ರಿ?" ಎಂದು ರಹಿಮಾಬಿ ಕೇಳಿದಳು.

"ಕೈ ಹಚ್ಚಬ್ಯಾಡ! ಎಷ್ಟ ಹನಿ ಬೇಕಂತ ಗಾಡಿನ ನೋಡ್ಕೋತೈತಿ."

"ಗಾಡಿ ಯಾವಾಗ ಆಗ್ತೈತ್ರಿ?"

"ನಾಳೆ."

ಈ ಸವಾಲು ಜವಾಬು ದಿನಾ ನಡೆಯಿತು. ಕಡೆಗೆ ರಹಿಮಾಬಿ ಕೇಳುವುದನ್ನೇ ಬಿಟ್ಟಳು.

ಒಂದು ಶುಕ್ರವಾರ ಗಾಡಿ ನೆಟ್ಟಗೆ ಓಡಿತು. ಚಂದದ್ದೊಂದು ಗಿಡ ಆರಿಸಲು ಲಾಡಲೇಸಾಬ ಕುಣಿಯುತ್ತ ಅಂಗಳಕ್ಕೆ ಹೋದ. ಹದಿನಾಲ್ಕು ಡಬ್ಬಿಗಳಿದ್ದವು. ಹದಿನಾಲ್ಕರಲ್ಲೂ ಕಡ್ಡಿ. ಗುಲಾಬಿಯನ್ನು ಮುಟ್ಟಿದರೆ ಲಟಕ್ಕೆಂದು ಮುರಿಯಿತು. ಎರಡು ತಿಂಗಳಿಂದ ಅದೇ ಅಂಗಳ ದಾಟಿ ಓಡಾಡಿದ್ದ. ಗಾಡಿಯೊಂದನ್ನು ಬಿಟ್ಟು ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿದ ಸಬ್ಜಾ, ಅಂದರೆ ಕಾಮಕಸ್ತೂರಿ ಗಿಡವೊಂದೇ ಹಸಿರಾಗಿತ್ತು. ಅದನ್ನೇ ಕಿತ್ತು ಹಾಲಿನಪುಡಿ ಡಬ್ಬಿಯಲ್ಲಿಟ್ಟು, ಗಾಡಿಗೆ ಏರಿಸಿ, ಅದನ್ನು ಸೆಳೆಯಲು ಮಂಚದ ಕಾಲ ಬಳಿ ಟಾರ್ಚು ಹೊತ್ತಿಸಿಟ್ಟ.

ಗಾಡಿ ಗುರುಗುಟ್ಟುತ್ತ ಒಳಗೆ ಬಂತು. ದಾವಲಬಿ ನಿಧಾನವಾಗಿ ಈಚೆ ತಿರುಗಿದಳು. ರಹಿಮಾಬಿಯ ಕೈಯಿಂದ ತಾಟು ಬಿತ್ತು.

"ಯಾ ಅಲ್ಲಾ! ಭಾವಾರ, ತಲಿ ನೆಟ್ಟಗೈತೇನ್ರಿ? ಗೋರಿ ಮ್ಯಾಲೆ ಹಚ್ಚೂ ಗಿಡಾ ಜೀವಂತ ಇದ್ದಾಕಿ ಮುಂದ ತಂದ ನಿಲ್ಲಸ್ತೀರೇನ್ರಿ?"

ಲಾಡಲೇಸಾಬನ ತಾಯಿಯ ಗೋರಿಯ ಮೇಲೂ ಇದೇ ಗಿಡವನ್ನು ಅವನೇ ಹಚ್ಚಿ ಬಂದಿದ್ದ. ಹಸಿರು ಕಂಡ ಖುಷಿಯಲ್ಲಿ ಅದು ನೆನಪಾಗಲೇ ಇಲ್ಲ.

"ಇರ್ಲಿ ಬಿಡಬೇ ರಹಿಮಾ," ಎಂದಿತು ಮಂಚದಿಂದ ಒಂದು ಒಡಕು ದನಿ. "ಅವರಿಗಿ ಅವಸರ ಭಾಳ ಐತಿ."

ಮಾತಾಡಿದಳು! ಲಾಡಲೇಸಾಬನಿಗೆ ಅಳುವೇ ಬಂತು. ಆದರೆ ಅವಳ ಮಾತು ಅಲ್ಲಿಗೆ ನಿಲ್ಲಲಿಲ್ಲ.

"ನನ್ನ ಗುಲಾಬಿ ಎಲ್ಲೈತ್ರಿ?"

"ಅದು ಭಾರ ಐತಿ. ಗಾಡಿ ಎಳಿಯಾಂಗಿಲ್ಲ."

"ಮಲ್ಲಿಗಿ?"

"ಅದೂ... ಭಾರನ."

ಅವಳು ಅವನ ಮುಖವನ್ನೇ ನೋಡಿದಳು. "ಹಂಗಾರ ನನ್ನ ಅಲ್ಲಿಗೆ ಒಯ್ರಿ."

ರಹಿಮಾಬಿ ಕಟ್ಟಿದ ಕಾಲನ್ನು ಹಿಡಿದಳು, ಲಾಡಲೇಸಾಬ ಹೆಂಡತಿಯನ್ನು ಎತ್ತಿದ. ಭಾರವಿರುತ್ತಾಳೆಂದು ಉಸಿರು ಕಟ್ಟಿ ಎತ್ತಿದವನಿಗೆ ಕೌದಿ ಎತ್ತಿದಂತಾಯಿತು. ಎರಡು ತಿಂಗಳಲ್ಲಿ ಇವಳು ಇಷ್ಟು ಕರಗಿದ್ದಾಳೆಂದು ಅವನು ನೋಡಿಯೇ ಇರಲಿಲ್ಲ.

ಅಂಗಳದಲ್ಲಿ ದಾವಲಬಿ ಒಂದೊಂದೇ ಡಬ್ಬಿಯನ್ನು ನೋಡಿದಳು. ಬೈಗುಳಕ್ಕಾಗಿ ಲಾಡಲೇಸಾಬ ತಲೆ ತಗ್ಗಿಸಿ ಕಾದ, ಅದನ್ನೇ ಬೇಡಿಕೊಂಡ. ಅವಳು ಮಾತ್ರ ತಂಗಿಯ ಕಡೆ ತಿರುಗಿದಳು.

"ರಹಿಮಾ, ನನಗ ದಿನಾ ಉಣಸಾಕಿ ನೀನ ಹೌದಲ್ಲ?"

"ಹೌದಕ್ಕಾ, ನಾನ."

"ಅಲ್ಲಾ ದೊಡ್ಡಾಂವ. ಅದಕ್ಕ ಉಳದೀನಿ."

ಲಾಡಲೇಸಾಬ ನಗಲು ಬಾಯಿ ತೆರೆದ. ಅವನ ತೋಳಿನಲ್ಲಿದ್ದವಳು ನಗುತ್ತಿರಲಿಲ್ಲ.