ಅಡವಿ ಉಳ್ಳಾಗಡ್ಡಿಯ ಒಂದು ಚಿಟಿಕೆ ಬೀಜ

ನಾನು ಸಸ್ಯಶಾಸ್ತ್ರ ಕಲಿಸುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಮನೆ ಬ್ಯಾಡಗಿಯಲ್ಲಿ, ಕಾಲೇಜು ರಾಣೆಬೆನ್ನೂರಿನಲ್ಲಿ, ಆಯುಷ್ಯದ ಅರ್ಧ ಬಸ್ಸಿನಲ್ಲಿ. ಇಷ್ಟು ವರ್ಷ ಕಲಿಸಿದರೂ ಯಾರಾದರೂ ಗಿಡದ ಹೆಸರು ಕೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಮದುವೆ ಮನೆಯಲ್ಲಿ ಊಟ ಮಾಡುತ್ತಿರುವಾಗಲೇ ಎಲೆಯೊಂದನ್ನು ಮೂಗಿನ ಕೆಳಗೆ ಹಿಡಿದು, "ಮೇಡಮ್ಮಾರ, ಇದು ಏನ್ರಿ?" ಎನ್ನುತ್ತಾರೆ. "ಹೂ ಬಿಟ್ಟಾಗ ತೋರಸ್ರಿ" ಎಂದು ಜಾರಿಕೊಳ್ಳುತ್ತೇನೆ. ಹೂ ಬಿಡುವ ಹೊತ್ತಿಗೆ ಅವರು ಮರೆತಿರುತ್ತಾರೆ. ನನ್ನ ಮಾನ ಈವರೆಗೆ ಉಳಿದು ಬಂದದ್ದು ಹೀಗೆ.

ಅಡವಿ ಉಳ್ಳಾಗಡ್ಡಿಯ ಹತ್ತಿರ ಮಾತ್ರ ಈ ಆಟ ನಡೆಯಲಿಲ್ಲ. ಮೋಟೆಬೆನ್ನೂರಿನ ಆಚೆ ಒಂದು ಮೊರಡಿಯ ಮೇಲೆ ಅದನ್ನು ಕಂಡಿದ್ದೆ. ಅಡಿಗೆಮನೆಯ ಉಳ್ಳಾಗಡ್ಡಿಯಂಥದೇ ಗಡ್ಡೆ, ಅಂಥದೇ ಸಿಪ್ಪೆ. ತಿಂದರೆ ಮಾತ್ರ ವಿಷ. ಇದರ ಬಳಗದಲ್ಲಿ ಅಕ್ಕತಂಗಿಯರಂತೆ ಕಾಣುವ ಜಾತಿಗಳಿವೆ. ಹೂವನ್ನೂ ಬೀಜವನ್ನೂ ನೋಡದೆ ಇದೇ ಅದು ಎಂದು ಹೇಳುವಂತಿಲ್ಲ. ಗಿಡಕ್ಕೋ ನನ್ನಂಥವರನ್ನು ಸತಾಯಿಸುವುದೇ ಕೆಲಸ. ಎಲೆ ಇದ್ದಾಗ ಹೂ ಇರುವುದಿಲ್ಲ, ಹೂ ಬಂದಾಗ ಎಲೆ ಇರುವುದಿಲ್ಲ. ಬಿರುಬೇಸಿಗೆಯಲ್ಲಿ ಬರಿ ಮಣ್ಣಿನಿಂದ ಒಂದು ಬೋಳು ಕಡ್ಡಿ ಏಳುತ್ತದೆ, ಅದರ ಹೂ ಇಳಿಹೊತ್ತಿಗೆ ಅರಳಿ ಬೆಳಗಾಗುವಷ್ಟರಲ್ಲಿ ಮುದುಡಿರುತ್ತದೆ. ನಾನು ಒಂದು ಗಡ್ಡೆ ತಂದು ಮನೆಯ ಕುಂಡದಲ್ಲಿ ನೆಟ್ಟೆ. ಆಮೇಲೊಮ್ಮೆ ಹೋಗಿ ನೋಡಿದರೆ ಗರಸು ಮಣ್ಣು ಒಯ್ಯುವ ಲಾರಿಗಳು ಆ ಮೊರಡಿಯನ್ನೇ ಹೊತ್ತುಕೊಂಡು ಹೋಗಿದ್ದವು. ನನಗೆ ಗೊತ್ತಿದ್ದಂತೆ ಆ ಗಿಡದ ಹೆಸರೂ ವಂಶವೂ ಇನ್ನು ನನ್ನ ಕುಂಡದಲ್ಲೇ ಉಳಿದಿದ್ದವು.

ಕುಂಡದ ಪಕ್ಕದಲ್ಲಿ ನಾನು ಅಮ್ಮಿ ಎಂದು ಕರೆಯುವ ನಮ್ಮ ಅತ್ತೆ ಇದ್ದರು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಉಪದೇಶ ಮಾತ್ರ ಪೂರ್ತಿ ಕನ್ನಡ. "ಖಾಲಿ ಕುಂಡಕ್ಕ ಯಾಕ ಕಾವಲಾ ಕುಂದ್ರತಿ ಬೇಟಿ? ಪುದೀನಾ ಹಚ್ಚು" ಎನ್ನುತ್ತಿದ್ದರು. ಎರಡು ಬೇಸಿಗೆ ಕಾದೆ. ಮೂರನೆಯ ಬೇಸಿಗೆಯಲ್ಲಿ ಕಡ್ಡಿ ಎದ್ದಿತು, ಕಾಯಿ ಕಟ್ಟಿತು. ಬೀಜ ಹಾರಿಹೋಗದಿರಲೆಂದು ಮಲ್‌ಮಲ್ ಬಟ್ಟೆಯ ಚೀಲ ಕಟ್ಟಿದೆ. ಕಾಯಿ ಬಿರಿದ ಮೇಲೆ ಚೀಲದಲ್ಲಿದ್ದದ್ದನ್ನು ಕಸಕಡ್ಡಿ ಸಮೇತ ಪೊಟ್ಟಣಕ್ಕೆ ಸುರಿದು, ಭಾನುವಾರ ಲೆನ್ಸ್ ಹಿಡಿದು ನೋಡಿದ ಮೇಲೆ ಬರೆಯಬೇಕಾದ ಲ್ಯಾಟಿನ್ ಹೆಸರನ್ನು ಶುಕ್ರವಾರವೇ ಅದರ ಮೇಲೆ ಬರೆದೆ. ಖುಷಿ ಹೆಚ್ಚಾದರೆ ನನಗೆ ಅಕ್ಷರ ಬಹಳ ದುಂಡಗೆ ಬರುತ್ತದೆ. ಭಾನುವಾರ ನೆಂಟರು ಬಂದರು. ಅದರ ಮುಂದಿನ ವಾರ ಗಡ್ಡೆ ಕೊಳೆತದ್ದು ಗೊತ್ತಾಯಿತು. ಒಣಗಿ ಮಲಗಬೇಕಾದ ಗಡ್ಡೆಗೆ ಅಮ್ಮಿ ಪಾಪ ಅಂತ ದಿನಕ್ಕೆರಡು ಚೊಂಬು ನೀರು ಹಾಕುತ್ತಿದ್ದರಂತೆ. ನಾನು ಅತ್ತೇಬಿಟ್ಟೆ. ಇರಲಿ, ಬೀಜವಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಪೊಟ್ಟಣವನ್ನು ಕಾಲೇಜಿಗೆ ಒಯ್ದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಗುರುತಿಸಲು ಆ ಬೀಜವನ್ನೇ ಒಂದು ತಟ್ಟೆಗೆ ಸುರಿದು ಇಟ್ಟೆ. ಇಪ್ಪತ್ನಾಲ್ಕು ವಿದ್ಯಾರ್ಥಿಗಳು. ನಾನು ಆ ಗಿಡದ ಕಥೆಯನ್ನು ಅವರ ಕಿವಿ ತೂತು ಬೀಳುವಷ್ಟು ಹೇಳಿದ್ದೆನಾದ್ದರಿಂದ ಇಪ್ಪತ್ಮೂರು ಮಂದಿ ಕಣ್ಣುಮುಚ್ಚಿ ಅಡವಿ ಉಳ್ಳಾಗಡ್ಡಿ ಎಂದು ಬರೆದರು. ಹಾವೇರಿಯ ಬೇಕರಿಯವರ ಮಗಳು ರೇಣುಕಾ ಮಾತ್ರ ಕಲೋಂಜಿ ಎಂದು ಬರೆದಿದ್ದಳು. ಕಲೋಂಜಿ ಅಂದರೆ ನಾನ್ ರೊಟ್ಟಿಯ ಮೇಲೆ ಉದುರಿಸುವ ಕರಿ ಕಾಳು. ನಮ್ಮ ಅಮ್ಮಿ ದಿನಾ ಬೆಳಿಗ್ಗೆ ಜೇನಿನಲ್ಲಿ ಕಲಸಿ ತಿನ್ನುವುದು. ನನಗೆ ಪಿತ್ತ ನೆತ್ತಿಗೇರಿತು. ಅವಳನ್ನು ಕರೆದು, ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದೆಯಾ ಎಂದು ಎಲ್ಲರ ಎದುರಿಗೇ ಕೇಳಿದೆ.

"ಇಲ್ರಿ ಮೇಡಂ, ಖರೇನ ಕಲೋಂಜಿರಿ. ನಮ್ಮ ಬೇಕರ್‍ಯಾಗ ದಿನಾ ನೋಡ್ತೇನ್ರಿ" ಎಂದವಳೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದಳು.

"ಉಗುಳು, ಲಗೂ ಉಗುಳು, ವಿಷ ಐತಿ ಅದು" ಎಂದು ನಾನು ಅವಳ ಗದ್ದ ಹಿಡಿದುಕೊಂಡೆ. ಅವಳು ಆರಾಮಾಗಿ ನುಂಗಿ, "ಭಾಳ ಹಳೇದಲ್ರಿ, ಘಮಾ ಇನ್ನೂ ಐತಿ" ಎಂದಳು. ಆಗ ಮೊದಲ ಸಲ ನಾನು ಲೆನ್ಸ್ ತೆಗೆದೆ. ಅಡವಿ ಉಳ್ಳಾಗಡ್ಡಿಯ ಬೀಜ ಚಪ್ಪಟೆ, ಸುತ್ತ ತೆಳ್ಳನೆಯ ಪೊರೆ. ನನ್ನ ತಟ್ಟೆಯಲ್ಲಿದ್ದವು ದಪ್ಪ, ಮೂಲೆಮೂಲೆಯವು, ಪೊರೆಯ ಸುಳಿವೂ ಇಲ್ಲ. ಬೆಳಿಗ್ಗೆ ನನ್ನ ಕೈಯಿಂದಲೇ ಸುರಿದಿದ್ದೆ. ನೋಡಿದ್ದು ಬೀಜವನ್ನಲ್ಲ, ನನ್ನ ದುಂಡನೆಯ ಅಕ್ಷರವನ್ನು.

ಮನೆಗೆ ಬಂದು ಅಮ್ಮಿಯನ್ನು ಕೇಳಿದೆ. ಕಾಳೊಂದು ಬಿದ್ದರೂ ಹಸನು ಮಾಡಿ ಎತ್ತಿಡುವವರು ಅವರು. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಬೆಳೆದ ಕೈ. "ಬರೇ ಹೊಟ್ಟ ಇತ್ತು ಬೇಟಿ. ಮೊರದಾಗ ಹಾಕಿ ಕೇರಿದೆ, ಗಾಳಿ ಬಂದು ಒಂದೂ ಉಳೀಲಿಲ್ಲ. ನೀ ಮೊದಲ ಗಡ್ಡಿ ಹೋತಂತ ಅತ್ತಿದ್ದಿ. ಮತ್ತ ಅಳ್ತಿ ಅಂತ ನಮ್ಮ ಡಬ್ಬಿಯಾಗಿನ ಛಲೋ ಕಾಳು ಹಾಕಿಟ್ಟೆ." ಆಮೇಲೆ ಅವರೇ, "ಕಮ್ಮಿ ಬಿದ್ದವೇನು?" ಎಂದು ಕೇಳಿದರು. ಗಾಳಿಗೆ ಹಾರಲೆಂದೇ ಹುಟ್ಟಿದ ಬೀಜವನ್ನು ಮೊರದಲ್ಲಿ ಹಾಕಿದರೆ ಇನ್ನೇನಾಗುತ್ತದೆ? ಸಿಟ್ಟು ಬರಲೇ ಇಲ್ಲ. ಇನ್ನು ಆ ಗಿಡವನ್ನು ನಾನು ನೋಡಲಾರೆ ಎಂಬುದೊಂದೇ ಮನಸ್ಸಿನಲ್ಲಿತ್ತು. ಬೇಸಿನ್ನಿನಲ್ಲಿ ಮುಖ ತೊಳೆದುಕೊಂಡು ಬಂದು, ಸಾಕಷ್ಟು ಇದ್ದವು ಅಮ್ಮಿ ಎಂದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದಲು ಕುಳಿತೆ. ರೇಣುಕಾಗೆ ಪೂರ್ತಿ ಅಂಕ ಕೊಟ್ಟೆ. ತರಗತಿಗೆ ಹೋಗಿ ಎಲ್ಲರ ಎದುರಿಗೇ ಕ್ಷಮೆಯನ್ನೂ ಕೇಳಿದೆ. ಉಳಿದ ಇಪ್ಪತ್ಮೂರು ಮಂದಿಯ ಉತ್ತರ ತಪ್ಪು, ಆದರೆ ಅವರು ಬರೆದದ್ದು ನಾನು ಕಲಿಸಿದ್ದನ್ನೇ. ಅವರಿಗೂ ಪೂರ್ತಿ ಅಂಕ ಹಾಕಿದೆ. ನಿಜವಾಗಿ ಆ ಪರೀಕ್ಷೆಯಲ್ಲಿ ನಪಾಸಾಗಬೇಕಾದವಳು ಒಬ್ಬಳಿದ್ದಳು. ಕೆಂಪು ಪೆನ್ನು ಅವಳ ಕೈಯಲ್ಲೇ ಇತ್ತು.